ಎಡಗೈ ಎತ್ತಿದವರು

ಒಂದು ತರಗತಿಯ ತುಂಬ ಎತ್ತಿದ ಕೈಗಳು. ಕೆಲವು ಬಲಗೈ, ಕೆಲವು ಎಡಗೈ. ಆ ಮಕ್ಕಳ ಮುಖಗಳು ಈಗ ಮರೆತುಹೋಗಿವೆ, ಕೈಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ. ಹೊರಗಿನವರು ನೋಡಿದರೆ, ಅಬ್ಬಬ್ಬಾ, ಇಲ್ಲಿ ಪ್ರತಿ ಮಗುವಿಗೂ ಎಲ್ಲವೂ ಗೊತ್ತು ಎಂದುಕೊಳ್ಳಬೇಕು. ಒಳಗಿನ ಗುಟ್ಟು ನಮ್ಮಂಥ ಶಿಕ್ಷಕರಿಗೇ ಗೊತ್ತು. ಸಾಹೇಬರು ಶಾಲೆ ನೋಡಲು ಬರುವ ಮುನ್ನ ಮಕ್ಕಳಿಗೆ ಹೇಳಿಡುತ್ತಿದ್ದೆವು: ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು, ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾವು ಎಬ್ಬಿಸುತ್ತಿದ್ದುದು ಬಲಗೈಯವರನ್ನು ಮಾತ್ರ. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಆದರೂ ಇದು ಬಾರದ ಶಿಕ್ಷಕರನ್ನು ನಾನು ಕಂಡಿರಲಿಲ್ಲ.

ಈ ವಿದ್ಯೆಯಲ್ಲಿ ತುಂಗಕ್ಕನದು ಎತ್ತಿದ ಕೈ. ಅವರು ನಮ್ಮ ಶಾಲೆಯ ಹಿರಿಯ ಸಮಾಜ ವಿಜ್ಞಾನ ಶಿಕ್ಷಕಿ. ನಾನು ಅದೇ ವಿಷಯಕ್ಕೆ ಹೊಸದಾಗಿ ಸೇರಿದವಳು. ತುಂಗಕ್ಕನದು ದಪ್ಪ ಗಾಜಿನ ಬಳೆ, ದೊಡ್ಡ ದನಿ, ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಸಿಟ್ಟು ಇಳಿದ ಮೇಲೆ ಬುತ್ತಿಯಲ್ಲಿನ ಅರ್ಧ ರೊಟ್ಟಿ ನನಗೇ ಸಿಗುತ್ತಿತ್ತು.

ಆ ಕಾಲದಲ್ಲಿ ನಮ್ಮ ವಿಷಯ ಯಾರ ಲೆಕ್ಕಕ್ಕೂ ಇರಲಿಲ್ಲ. ಗಣಿತದವರಿಗೆ ಮೇಲಿಂದ ಮೇಲೆ ತರಬೇತಿ, ವಿಜ್ಞಾನದವರಿಗೆ ಹೊಸ ಹೊಸ ಸಾಮಾನು. ಸಮಾಜ ವಿಜ್ಞಾನವೆಂದರೆ ಆಟದ ಮಾಸ್ತರರು ಖಾಲಿ ಇದ್ದರೆ ಅವರೂ ಮುಗಿಸಬಹುದಾದ ಪಾಠ. ನಮ್ಮ ಹೆಡ್‌ಮಾಸ್ತರರಂತೂ ನೇರವಾಗಿಯೇ ಅಂದಿದ್ದರು: "ಸಮಾಜಕ್ಕೆಂಥಾ ತರಬೇತಿ ಅಕ್ಕೋರೆ? ಓದಸೋದು, ಬರಸೋದು, ಆತಲ್ಲ!"

ತುಂಗಕ್ಕ ಬಿಟ್ಟವರಲ್ಲ. ನಮ್ಮವರಿಗೂ ಒಂದು ಉನ್ನತ ತರಬೇತಿ ಬೇಕು, ಅಲ್ಲಿ ತಯಾರಾದವರು ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ಮುಂದಾಳುಗಳಾಗಬೇಕು ಎಂದು ಕಚೇರಿಯಿಂದ ಕಚೇರಿಗೆ ಅಲೆದರು. ಚಪ್ಪಲಿ ಸವೆಯಿತು, ಹಟ ಸವೆಯಲಿಲ್ಲ. ಕೊನೆಗೂ ಮಂಜೂರಾಯಿತು. ಊರಿನ ತರಬೇತಿ ಕೇಂದ್ರದ ಹಳೆಯ ಸಭಾಂಗಣದಲ್ಲಿ ನಾವೆಲ್ಲ ಮಕ್ಕಳಂತೆ ಬೆಂಚಿನ ಮೇಲೆ ಕುಳಿತೆವು.

ಕೇಂದ್ರದ ಮುಖ್ಯಸ್ಥರು ಅಂಗಡಿ ಸರ್. ಮಾತು ಕಡಿಮೆ, ಆಡಿದ್ದು ಖಡಾಖಂಡಿತ. ಮೊದಲ ದಿನವೇ ಹೇಳಿಬಿಟ್ಟರು: "ಕಡೀ ದಿನ ಮ್ಯಾಲಿನ ಸಾಹೇಬ್ರು ಬರ್ತಾರ. ನಿಮ್ಮೊಳಗ ಒಬ್ರು ಅವರ ಮುಂದ ಮಾದರಿ ಪಾಠ ಮಾಡ್ಬೇಕು. ಅವರ ಮನಸ್ಸಿಗೆ ಬಂತು, ಈ ತರಬೇತಿ ವರ್ಷಾ ವರ್ಷಾ ನಡೀತೈತಿ. ಬರಲಿಲ್ಲ, ಇದಽ ಮೊದಲು, ಇದಽ ಕಡೀದು."

ಪಾಠ ಮಾಡುವವರು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ತುಂಗಕ್ಕನ ಮೇಲಿತ್ತು.

ತರಬೇತಿಯಲ್ಲಿ ಅಂಗಡಿ ಸರ್ ಒಂದೇ ಮಾತನ್ನು ತಿರುತಿರುಗಿ ಹೇಳುತ್ತಿದ್ದರು: ಮಗುವಿಗೆ ಏನು ಗೊತ್ತು ಎನ್ನುವುದಕ್ಕಿಂತ ಏನು ಗೊತ್ತಾಗಿಲ್ಲ ಎನ್ನುವಲ್ಲಿಂದ ಪಾಠ ಶುರುವಾಗಬೇಕು. ನಾವು ತಲೆಯಾಡಿಸಿ ಬರೆದುಕೊಂಡೆವು. ಆದರೆ ನಮಗೇ ಏನಾದರೂ ತಿಳಿಯದಿದ್ದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. "ಮಜ್ಜಿಗಿ ಕೇಳಾಕ ಬಂದು ಗಡಿಗಿ ಮುಚ್ಚಿಟ್ಕೊಂಡಂಗ ಆತು ನಮ್ಮ ಬಾಳೇವು," ಎಂದು ತುಂಗಕ್ಕ ಊಟದ ಹೊತ್ತಿನಲ್ಲಿ ನಗುತ್ತಿದ್ದರು. ನಕ್ಕರೂ ಅವರೂ ಬಾಯಿ ಬಿಟ್ಟವರಲ್ಲ.

ಪಾಠದ ಹಿಂದಿನ ದಿನ ಮಧ್ಯಾಹ್ನ ಅವರು ಕೇಂದ್ರಕ್ಕೆ ಹೊಂದಿಕೊಂಡಿದ್ದ ಶಾಲೆಗೆ ನನ್ನನ್ನೂ ಕರೆದುಕೊಂಡು ಹೋದರು. ಮಕ್ಕಳ ಮುಂದೆ ನಿಂತು, "ಗೊತ್ತಿದ್ದವ್ರು ಬಲಗೈ, ಗೊತ್ತಿಲ್ದವ್ರು ಎಡಗೈ. ಯಾರೂ ಕೈ ಕೆಳಗ ಇಡಂಗಿಲ್ಲ. ತಿಳೀತಿಲ್ಲೋ?" ಎಂದರು. ಮಕ್ಕಳು ಒಕ್ಕೊರಲಿನಿಂದ ತಿಳಿಯಿತೆಂದರು. ಹಳೆಯ ಆಟ, ಅವರಿಗೂ ಗೊತ್ತಿತ್ತು.

ದಾರಿಯಲ್ಲಿ ನಾನು ಮೆಲ್ಲಗೆ ಕೇಳಿದೆ: "ಅಕ್ಕಾ, ಇಷ್ಟು ದಿನ ಕಲಿತದ್ದಕ್ಕೂ ಇದಕ್ಕೂ ಸರಿಬರ್ತೈತೇನು?"

"ಸುಮ್ನಿರವಾ ತಂಗಿ," ಎಂದರು ಅವರು. "ನಾಳೆ ನನ್ನ ಒಬ್ಬಾಕಿ ಮಾನ ಅಲ್ಲ, ನಮ್ಮ ವಿಷಯದ ಮಾನ ಐತಿ. ಇದು ಮುಗೀಲಿ, ಆಮ್ಯಾಲ ಹೊಸಾದು ಮಾಡೂಣಂತ."

ಮರುದಿನ ಮುಂಜಾನೆ ಸಾಹೇಬರು ಬಂದರು. ನರೆತ ಮೀಸೆ, ಇಸ್ತ್ರಿ ಮಾಡಿದ ಅಂಗಿ. ಸಭಾಂಗಣದ ಹಿಂಬದಿ, ಬಾಗಿಲ ಹತ್ತಿರ ಅವರಿಗೆ ಕುರ್ಚಿ ಹಾಕಿದ್ದರು. ಮುಂದೆ ಮಕ್ಕಳು, ಅಕ್ಕಪಕ್ಕದಲ್ಲಿ ನಾವು. ಎದುರು ಗೋಡೆಯ ಮೇಲೆ ದೊಡ್ಡ ನಕಾಶೆ ತೂಗುತ್ತಿತ್ತು. ಪಾಠ, ದಿಕ್ಕುಗಳು ಮತ್ತು ನಮ್ಮ ನಾಡಿನ ನೀರು.

ತುಂಗಕ್ಕ ಕೋಲು ಹಿಡಿದು ನಿಂತರು. "ನಕಾಶೆಯ ಮೇಲ್ಗಡೆ ಉತ್ತರ, ಕೆಳಗಡೆ ದಕ್ಷಿಣ. ಹಂಗಾದ್ರ ನಮ್ಮೂರ ಹಳ್ಳ ಯಾವ ಕಡೆ ಹರೀತೈತಿ?"

ಸರ್ರನೆ ಎಲ್ಲ ಕೈಗಳೂ ಮೇಲೆದ್ದವು. ತುಂಗಕ್ಕ ಒಬ್ಬ ಬಲಗೈಯವನನ್ನು ಎಬ್ಬಿಸಿದರು. "ಉತ್ತರಕ್ಕ ಹರೀತೈತ್ರಿ," ಎಂದ ಹುಡುಗ. ಸಾಹೇಬರು ತಲೆದೂಗಿದರು. ಉಳಿದ ಕೈಗಳು ಇಳಿದವು. ಒಂದು ಎಡಗೈ ಮಾತ್ರ ಇಳಿಯಲಿಲ್ಲ.

ಅದು ಹಾಲವ್ವ ಎಂಬ ಹುಡುಗಿಯದು. ತುಂಗಕ್ಕ ಅವಳನ್ನು ನೋಡಿಯೂ ನೋಡದವರಂತೆ ಮುಂದಿನ ಪ್ರಶ್ನೆ ಕೇಳಿದರು. ಕೈಗಳು ಎದ್ದವು, ಇಳಿದವು. ಹಾಲವ್ವನ ಎಡಗೈ ಹಾಗೆಯೇ ಇತ್ತು. ತೋಳು ನೋಯುತ್ತಿತ್ತೇನೋ, ಬಲಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಿದ್ದಳು.

ಅಕ್ಕಾ, ಆಕೀನ್ನ ಎಬ್ಬಿಸಬ್ಯಾಡ್ರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟು ಅಲೆದು ತಂದ ತರಬೇತಿ ಒಂದು ತಪ್ಪು ಮಾತಿಗೆ ನಿಂತುಹೋಗುವುದಿತ್ತು. ತುಂಗಕ್ಕನ ಕಣ್ಣು ಒಮ್ಮೆ ಸಾಹೇಬರ ಕಡೆ ಹೋಯಿತು, ಒಮ್ಮೆ ಆ ಕೈಯ ಕಡೆ. ಆಮೇಲೆ ಅವರು ಕೋಲನ್ನು ಮೇಜಿನ ಮೇಲಿಟ್ಟರು.

"ಏಳವಾ ಹಾಲವ್ವ. ಏನು ತಿಳೀವಲ್ದು?"

ಎಡಗೈಯವರನ್ನು ಎಬ್ಬಿಸಿದ್ದು ಕಂಡು ಮಕ್ಕಳೇ ಕಕ್ಕಾಬಿಕ್ಕಿಯಾದರು. ಹಾಲವ್ವ ಎದ್ದು ನಿಂತಳು. "ಉತ್ತರ ಮ್ಯಾಲೈತಿ ಅಂದ್ರಿ. ಹಳ್ಳ ಉತ್ತರಕ್ಕ ಹರೀತೈತಿ ಅಂತ ಇವ ಅಂದ. ಮತ್ತ ನೀರು ಮ್ಯಾಲಕ್ಕ ಹೆಂಗ ಏರ್ತೈತ್ರಿ ಅಕ್ಕೋರೆ?"

ಸಭಾಂಗಣದಲ್ಲಿ ಯಾರೋ ಕಿಸಕ್ಕೆಂದರು. ತುಂಗಕ್ಕ ನಗಲಿಲ್ಲ. ತಿರುಗಿ ಗೋಡೆಯ ನಕಾಶೆಯನ್ನು ಹೊಸದಾಗಿ ಕಂಡವರಂತೆ ನೋಡಿದರು. "ಅಯ್ಯ ನನ್ನವ್ವ, ಖರೇನಽ ಕೇಳಿದಿ," ಎಂದರು. "ಇಷ್ಟು ವರ್ಷ ಗ್ವಾಡಿಗೆ ಜೋತುಬಿಟ್ಟು ಮ್ಯಾಲ ಮ್ಯಾಲ ಅಂತ ಹೇಳ್ಕೋತ ಬಂದೆ. ನಿನ್ನಂಗ ಎಷ್ಟು ಮಂದಿಗೆ ತಿಳೀಲಿಲ್ಲೋ ಏನೋ, ನಾ ಕೇಳಽ ಇಲ್ಲ."

ಮರುಕ್ಷಣ ನಕಾಶೆ ಗೋಡೆಯಿಂದ ಇಳಿದು ನೆಲದ ಮೇಲಿತ್ತು. ಮಕ್ಕಳು ಸುತ್ತ ನೆರೆದರು. "ಹೊತ್ತು ಎಲ್ಲಿ ಹುಟ್ಟೇತಿ? ಅತ್ತಾಗ ಮುಖಾ ಮಾಡಿ ನಿಂದರ್ರಿ," ಎಂದರು ತುಂಗಕ್ಕ. ಮಕ್ಕಳು ಬಿಸಿಲು ಬರುತ್ತಿದ್ದ ಕಿಟಕಿಯ ಕಡೆ ತಿರುಗಿದರು. "ಈಗ ಎಡಗೈ ಚಾಚ್ರಿ. ಅದು ಉತ್ತರ."

ಎಲ್ಲ ಎಡಗೈಗಳೂ ಒಟ್ಟಿಗೆ ಚಾಚಿದವು, ನೇರವಾಗಿ ಹಿಂಬದಿಯ ಬಾಗಿಲಿಗೆ, ಅಲ್ಲಿ ಕುಳಿತ ಸಾಹೇಬರಿಗೆ. ನಕಾಶೆ ತೂಗುತ್ತಿದ್ದ ಗೋಡೆ ದಕ್ಷಿಣದ್ದಾಗಿತ್ತು!

ತುಂಗಕ್ಕ ಸೆರಗು ಸಿಕ್ಕಿಸಿ ನಕಾಶೆಯ ಮೇಲ್ತುದಿಯನ್ನು ಬಾಗಿಲ ಕಡೆಗೆ ತಿರುಗಿಸುತ್ತ ಬಂದರು. "ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ, ನೀವು ಉತ್ತರದಾಗ ಕುಂತೀರಿ. ಕುರ್ಚಿ ಸ್ವಲ್ಪ ಸರಿಸಿಕೊಳ್ರಿ."

ಅಂಗಡಿ ಸರ್ ಕಣ್ಣು ಮುಚ್ಚಿಕೊಂಡರು. ಸಾಹೇಬರು ಎದ್ದು, ತಾವೇ ಕುರ್ಚಿ ಎತ್ತಿ ಪಕ್ಕಕ್ಕಿಟ್ಟರು. ಹಾಲವ್ವ ಬಾಗಿಲಾಚೆಗೆ ಬಗ್ಗಿ ನೋಡಿದಳು. "ಅಯ್ಯ, ಅತ್ತಾಗ ಇಳಿಜಾರಽ ಐತಲ್ರಿ! ಅದಕ್ಕಽ ಹಳ್ಳ ಅತ್ತಾಗ ಹರೀತೈತಿ!" ಎಂದು ಕೂಗಿದಳು. ಅವಳ ಮುಖದ ಮೇಲಿನ ಬೆಳಕು ನೋಡಿ ನನಗೆ ಕಣ್ಣು ತುಂಬಿ ಬಂತು.

ಪಾಠ ಮುಗಿದು ಮಕ್ಕಳು ಹೊರಟ ಮೇಲೆ ಸಾಹೇಬರು ಮುಂದೆ ಬಂದರು. "ಅಕ್ಕೋರೆ, ಹುಡುಗ್ರು ಕೆಲವ್ರು ಎಡಗೈ, ಕೆಲವ್ರು ಬಲಗೈ ಎತ್ತತಿದ್ರಲ್ಲ, ಏನದು?"

ನಾವೆಲ್ಲ ನೆಲ ನೋಡಿದೆವು. ತುಂಗಕ್ಕ ತಲೆ ಎತ್ತಿಯೇ ಹೇಳಿದರು: "ಗೊತ್ತಿಲ್ದವ್ರು ಎಡಗೈ ಎತ್ತ್ರಿ ಅಂತ ನಿನ್ನೆ ನಾನಽ ಹೇಳಿಕೊಟ್ಟಿದ್ದೆ ಸಾಹೇಬ್ರ. ಅವರನ್ನ ಬಿಟ್ಟು ಪಾಠ ಮಾಡೂದಿತ್ತು. ಮನಸ್ಸು ಒಪ್ಪಲಿಲ್ಲ."

ಸಾಹೇಬರ ಮೀಸೆಯಡಿ ನಗು ಮೂಡಿತು. "ನಾನೂ ಮಾಸ್ತರಿಕಿ ಮಾಡಿ ಬಂದವನಽ. ಎಡಗೈ ಬಲಗೈ ನಾನೂ ಮಾಡಿಸೀನಿ. ಕೈ ಎದ್ದ ಕೂಡ್ಲೆ ಗುರುತು ಹಿಡಿದೆ. ಆದ್ರ ಸಾಹೇಬ್ರ ಮುಂದ ಎಡಗೈದಾಕೀನ್ನ ಎಬ್ಬಿಸಿದವ್ರನ್ನ ಇವತ್ತಽ ನೋಡಿದೆ." ಅಂಗಡಿ ಸರ್ ಕಡೆ ತಿರುಗಿ, "ಈ ತರಬೇತಿ ನಿಲ್ಲಬಾರದು. ಇವರಽ ಮುಂದ ನಡಸ್ಲಿ," ಎಂದರು.

ನನ್ನ ತುಂಗಕ್ಕ! ಆ ಹೊತ್ತಿನಲ್ಲಿ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ನಾನೂ ಇವರದೇ ವಿಷಯದವಳು, ಇವರದೇ ಶಾಲೆಯವಳು ಎಂದು ಬೀದಿಯಲ್ಲಿ ನಿಂತು ಸಾರಬೇಕೆನಿಸಿತ್ತು. ಅವರೋ, ಬುತ್ತಿ ಬಿಚ್ಚಿ, "ತಿನ್ನವಾ, ನನಗ ಮುಂಜಾನಿಂದ ಒಂದು ತುತ್ತೂ ಇಳಿದಿಲ್ಲ," ಎಂದು ರೊಟ್ಟಿ ಮುರಿದರು.

ಅಂದಿನಿಂದ ಆ ಸಭಾಂಗಣದ ಗೋಡೆಗೆ ನಕಾಶೆ ಏರಲಿಲ್ಲ. ಪ್ರತಿ ವರ್ಷ ಹೊಸ ಶಿಕ್ಷಕರು ಬಂದರು, ನೆಲದ ನಕಾಶೆಯ ಸುತ್ತ ಕುಳಿತರು. ತುಂಗಕ್ಕನ ತರಬೇತಿಯಲ್ಲಿ ಮೊದಲು ಮಾತಾಡುವ ಹಕ್ಕು ಎಡಗೈಯವರದು. ಆರಂಭದಲ್ಲಿ ನಾಚಿದವರು ಆಮೇಲೆ ಪೈಪೋಟಿಯ ಮೇಲೆ ಎಡಗೈ ಎತ್ತುತ್ತಿದ್ದರು. ಸಮಾಜಕ್ಕೆಂಥಾ ತರಬೇತಿ ಎಂದಿದ್ದ ನಮ್ಮ ಹೆಡ್‌ಮಾಸ್ತರರೂ ಒಂದು ವರ್ಷ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಹೋದರು.

ತುಂಗಕ್ಕ ನಿವೃತ್ತರಾದ ದಿನ ಅದೇ ಸಭಾಂಗಣ ಕಿಕ್ಕಿರಿದಿತ್ತು. ಹಾರ, ಶಾಲು, ಹೊಗಳಿಕೆ ಎಲ್ಲ ಮುಗಿದವು. ಆಗ ಮುಪ್ಪಿನ ಅಂಗಡಿ ಸರ್ ಕುಳಿತಲ್ಲಿಂದಲೇ ಕೇಳಿದರು: "ನಾಳೆಯಿಂದ ಸಾಲಿ ಇಲ್ಲ. ಏನು ಮಾಡ್ತೀರಿ ಅಕ್ಕೋರೆ?"

ತುಂಗಕ್ಕ ಎದ್ದು ನಿಂತರು. ನಮ್ಮನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಶಾಲು ಸರಿಸಿ, ನಿಧಾನವಾಗಿ, ಎಡಗೈ ಎತ್ತಿದರು. ಬಳೆಗಳು ಗಲಗಲ ಎನ್ನುತ್ತ ಮೊಣಕೈಯವರೆಗೆ ಜಾರಿದವು.