ಮಾಸ್ತರರ ಸಹಿ

ಪಂಚನಾಮೆಯ ಕೊನೆಯ ಹಾಳೆ ತಿರುವಿದ ಕಾಂಚನಾ ಚಹಾದ ಕಪ್ಪನ್ನು ಕೆಳಗಿಟ್ಟಳು. ಗದಗಿನ ಕೋರ್ಟಿನ ವಕೀಲರ ಕೋಣೆ ಸಂತೆಯಂತೆ ಗದ್ದಲ ಹಾಕುತ್ತಿತ್ತು. ಅವಳ ಕಿವಿಗೆ ಏನೂ ಬೀಳಲಿಲ್ಲ. ಹಾಳೆಯ ಕೆಳಗಿದ್ದದ್ದು ಅವಳಪ್ಪನ ಸಹಿ. ಅವಳ ಮಾರ್ಕ್ಸ್ ಕಾರ್ಡುಗಳ ಮೇಲೆ ಹತ್ತು ವರ್ಷ ಬಿದ್ದ ಅದೇ ದುಂಡಗಿನ ಸಹಿ. ಪಕ್ಕದಲ್ಲಿ ವಿಳಾಸ: ಚನ್ನಬಸವಣ್ಣ, ನಿವೃತ್ತ ಶಿಕ್ಷಕ, ಶಿರಹಟ್ಟಿ.

ಆರೋಪಿ, ಅವಳ ಕಕ್ಷಿದಾರ, ಲಕ್ಷ್ಮೇಶ್ವರದ ಟ್ರ್ಯಾಕ್ಟರ್ ಡ್ರೈವರ್ ಜಾಹೀದ. ಬಾಳೆಹೊಸೂರಿನ ಹೊಲದಲ್ಲಿ ಒಬ್ಬ ಕಾಳಿನ ದಲಾಲಿ ಕೊಲೆಯಾಗಿದ್ದ. ಕಂಡವರಿಲ್ಲ. ಹಿಂದಿನ ದಿನ ಸಂತೆಯಲ್ಲಿ ಅವನೊಡನೆ ಜಗಳಾಡಿದ್ದೇ ಜಾಹೀದನ ತಪ್ಪು. ಅವನೇ ಮುಂದೆ ನಡೆದು ಪಾಪಾಸುಕಳ್ಳಿಯ ಬೇಲಿಯೊಳಗಿಂದ ರಕ್ತದ ಕುಡಗೋಲು ತೆಗೆದುಕೊಟ್ಟ, ಅದನ್ನು ನಾವಿಬ್ಬರು ಪಂಚರು ಕಣ್ಣಾರೆ ಕಂಡೆವು ಎಂದು ಪಂಚನಾಮೆ ಹೇಳುತ್ತಿತ್ತು. ಪೊಲೀಸರ ಕೈಯಲ್ಲಿದ್ದದ್ದು ಅದೊಂದೇ. ಇನ್ನೊಬ್ಬ ಪಂಚ ಸತ್ತುಹೋಗಿದ್ದ. ಉಳಿದವರು ಚನ್ನಬಸವಣ್ಣ ಮಾಸ್ತರು. ಅವರ ಬಾಯ ಮೇಲೆ ಜಾಹೀದನ ಜೀವ.

ತಾರೀಖು ನೋಡಿದಳು. ಹೋದ ವರ್ಷದ ಆಗಸ್ಟ್ ಹದಿನಾಲ್ಕು, ಮಧ್ಯಾಹ್ನ ಮೂರು. ಆ ದಿನ ಆ ಹೊತ್ತಿಗೆ ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಪೊರೆ ತೆಗೆಸಿಕೊಂಡು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ. ಕೈಹಿಡಿದು ಬಾತ್‌ರೂಮಿಗೆ ಕರೆದೊಯ್ದವಳು ಇವಳೇ.

ಹನ್ನೊಂದು ವರ್ಷದಿಂದ ಕಾಂಚನಾ ಕ್ರಿಮಿನಲ್ ಕೇಸುಗಳನ್ನೇ ನಡೆಸುತ್ತಿದ್ದಳು. ಜೊತೆಯವರು ಆಸ್ತಿಪಾಲಿನ ದಾವೆ ಹಿಡಿದು ಮನೆ ಕಟ್ಟಿಸಿದರು. ಇವಳಿಗೆ 'ಕಳ್ಳರ ಕಾಂಚನಾ' ಎಂದು ಹೆಸರಿಟ್ಟರು. ಬಡವನ ಮೇಲೆ ಸುಳ್ಳು ಕಾಗದ ಬರೆಯುವುದು ಎಷ್ಟು ಸಲೀಸು ಎಂಬುದನ್ನು ಕಂಡ ಸಿಟ್ಟೇ ಅವಳಿಗೆ ದಿನಾ ಕರಿಕೋಟು ತೊಡಿಸುತ್ತಿತ್ತು. ಆ ಕಾಗದ ತನ್ನ ಮನೆಯ ಪಡಸಾಲೆಯಲ್ಲೇ ತಯಾರಾಗುತ್ತದೆಂದು ಅವಳಿಗೆ ಕನಸೂ ಬಿದ್ದಿರಲಿಲ್ಲ.

ರವಿವಾರ ಶಿರಹಟ್ಟಿಗೆ ಹೋದಾಗ ಅಪ್ಪ ರೊಟ್ಟಿ ಮುರಿಯುತ್ತಿದ್ದ.

“ಯಪ್ಪಾ, ಬಾಳೆಹೊಸೂರಿನ ಹೊಲಕ್ಕ ನೀ ಎಂದ ಹೋಗಿದ್ದಿ?”

ಮಾಸ್ತರರ ಕೈ ನಿಂತಿತು. “ಆ ಕೇಸ್ ನಿನ್ನ ಕಡೆ ಬಂತೇನು?”

“ಹೋಗಿದ್ದಿಲ್ಲ ಹೌದಲ್ಲೊ?”

“ಪೊಲೀಸ್ ಸಾಹೇಬ ನನ್ನ ಶಿಷ್ಯ. 'ಗುರುಗಳ, ನಿಮ್ಮ ಸಹಿ ಇದ್ರ ಕೋರ್ಟಿನಾಗ ಯಾರೂ ಬಾಯಿ ತೆಗಿಯಾಂಗಿಲ್ಲ' ಅಂದ. ಮಾಡಿದೆ. ಅವ್ರು ಸುಮ್ಮಸುಮ್ಮನ ಯಾರನ್ನ ಹಿಡಿತಾರ? ಅಂಥಾವ ಮಾಡಿರ್ತಾನ ತಗೋ.”

“ಎಂಥಾವ?”

ಅಪ್ಪ ಮತ್ತೊಂದು ತುಂಡು ರೊಟ್ಟಿ ಮುರಿದ. ನಡುವೆ ಬಾಯಿ ಹಾಕಿದವಳು ಪಲ್ಯ ಬಡಿಸುತ್ತಿದ್ದ ತಾಯಿ ಸಾವಿತ್ರೆವ್ವ. “ಮನಿ ಮುಂದ ಪೊಲೀಸ್ ಜೀಪ್ ನಿಂತಿತಂದ್ರ ಇವ್ರಿಗೆ ಧೋತರ ಸಂಭಾಳಿಸಾಕ ಆಗ್ತಿದ್ದಿಲ್ಲ. ಓಣಿ ಮಂದಿ ನೋಡ್ಬೇಕಲ್ಲ! ರಿಟೈರ್ ಆದಮ್ಯಾಲೆ ನಮಸ್ಕಾರ ಅನ್ನಾವ್ರು ಅವ್ರೊಬ್ರ ಉಳದಿದ್ರು.”

“ನೀ ವಕಾಲತ್ತು ಬಿಟ್ಬಿಡು,” ಎಂದ ಅಪ್ಪ. “ನನ್ನ ಮಾನದ ಪ್ರಶ್ನಿ ಐತಿ.”

“ಅವ ಹದಿನಾಲ್ಕು ತಿಂಗಳಿಂದ ಜೈಲಿನಾಗ ಅದಾನ, ಯಪ್ಪಾ.”

ವಕಾಲತ್ತನ್ನು ಬೇರೆಯವರಿಗೆ ಬಿಟ್ಟುಕೊಟ್ಟು ತಾನೇ ಸಾಕ್ಷಿ ಹೇಳುವ ದಾರಿಯೂ ಇತ್ತು. ಇಬ್ಬರು ವಕೀಲರನ್ನು ಕೇಳಿದ್ದಳು. “ಮಾಸ್ತರ್ ನಮಗ ಕಲಿಸ್ಯಾರ್ರೀ ಮೇಡಂ, ಅವ್ರನ್ನ ಹೆಂಗ ಕೇಳೂದು?” ಎಂದು ಇಬ್ಬರೂ ಕೈಮುಗಿದಿದ್ದರು. ಜಾಹೀದನ ತಾಯಿ ಅಸ್ಮಾಳಿಗೂ ಮುಚ್ಚಿಡದೆ ಹೇಳಿದ್ದಳು. ಆಕೆ ಇವಳ ಕೈಹಿಡಿದು ಕೇಳಿದ್ದಳು. “ವಕೀಲವ್ವಾ, ಹೆತ್ತ ಅಪ್ಪನ್ನ ಕಟಕಟಿಯಾಗ ನಿಂದರ್ಸಿ ಕೇಳ್ತೀರಿ? ನಿಮ್ಮಿಂದ ಆಗ್ತೈತಿ?”

“ಗೊತ್ತಿಲ್ಲವ್ವ,” ಎಂದಿದ್ದಳು ಕಾಂಚನಾ. ಅದು ಖರೆ ಮಾತಾಗಿತ್ತು.

ಆ ರವಿವಾರ ಶಿರಹಟ್ಟಿಯಿಂದ ಹೊರಡುವಾಗ ಸಾವಿತ್ರೆವ್ವ ಟ್ರಂಕಿನಿಂದ ಆಸ್ಪತ್ರೆಯ ಚೀಟಿ ತಂದು ಮಗಳ ಕೈಗಿಟ್ಟಳು. ಗಂಡನ ಎದುರಿಗೇ.

ವಿಚಾರಣೆಯ ದಿನ ಸರಕಾರಿ ವಕೀಲ ದತ್ತಾತ್ರಿ ಕೇಳಿದ್ದಕ್ಕೆಲ್ಲ ಮಾಸ್ತರು ಪಾಠ ಒಪ್ಪಿಸಿದಂತೆ ಹೇಳಿದರು. ಕಳ್ಳಿಯ ಬೇಲಿ, ಕುಡಗೋಲು, ರಕ್ತದ ಕಲೆ, ಯಾವುದೂ ತಪ್ಪಲಿಲ್ಲ. ಕಾಂಚನಾ ಎದ್ದಳು. ಸಾಕ್ಷಿದಾರರು ತನ್ನ ತಂದೆ ಎಂದು ನ್ಯಾಯಾಧೀಶರಿಗೆ ತಿಳಿಸಿದಳು. ಕೋರ್ಟು ಗುಸುಗುಟ್ಟಿ ತಣ್ಣಗಾಯಿತು. ಹುಟ್ಟಿದಾಗಿನಿಂದ 'ನೀ' ಅಂದ ಅಪ್ಪನಿಗೆ ಇವತ್ತು 'ನೀವು' ಅನ್ನಬೇಕಿತ್ತು.

“ಈ ಚೀಟಿ ಮ್ಯಾಲಿನ ಹೆಸರು ನಿಮ್ಮದ ಹೌದಲ್ರೀ?”

ಮಾಸ್ತರು ಚೀಟಿ ನೋಡಿದರು. ಮಗಳನ್ನು ನೋಡಿದರು. ಮನೆಯಲ್ಲಿ ಆಡಿದ್ದು ಮನೆಯಲ್ಲೇ ಉಳಿಯುತ್ತದೆ, ಮಗಳು ಕಡೇ ಗಳಿಗೆಯಲ್ಲಿ ಕುಳಿತುಬಿಡುತ್ತಾಳೆ ಎಂದು ಅವರು ನಂಬಿದ್ದರು.

“ಹೌದು.”

“ಆಗಸ್ಟ್ ಹದಿನಾಲ್ಕರಂದು ಮೂರು ಗಂಟೆಗೆ ನೀವು ಬಾಳೆಹೊಸೂರಿನಾಗ ಇದ್ರೋ, ಹುಬ್ಬಳ್ಳಿಯಾಗ ಇದ್ರೋ?”

ಟೈಪಿಸ್ಟನ ಬೆರಳು ಕಾದು ನಿಂತವು.

“ಹುಬ್ಬಳ್ಳಿಯಾಗ.”

“ಕುಡಗೋಲು ನೋಡೀರೇನು?”

“ಇಲ್ಲ.”

ಹಿಂದಿನ ಬೆಂಚಿನಿಂದ ಅಸ್ಮಾ ಗಟ್ಟಿಯಾಗಿ ಉಸಿರುಬಿಟ್ಟದ್ದು ಕೇಳಿಸಿತು. ಜಾಹೀದ ಬದುಕಿದ. ಇಲ್ಲಿಗೆ ಕುಳಿತುಕೊಳ್ಳಬಹುದಿತ್ತು, ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದೆಂದು ಹೊಸ ವಕೀಲರಿಗೂ ಗೊತ್ತು. ಕಾಂಚನಾ ಕುಳಿತುಕೊಳ್ಳಲಿಲ್ಲ.

“ಹಿಂಗ ನೋಡದ ಎಷ್ಟು ಕಾಗದಕ್ಕ ಸಹಿ ಮಾಡೀರಿ?”

“ಈ ಪ್ರಶ್ನಿಗೂ ಈ ಕೇಸಿಗೂ ಸಂಬಂಧ ಇಲ್ಲ!” ದತ್ತಾತ್ರಿ ಎದ್ದರು. “ವಕೀಲರಿಗೆ ಮನಿ ಸಿಟ್ಟು ಅದ, ಸ್ವಾಮಿ.”

“ಸಾಕ್ಷಿಯ ನಂಬಿಕೆಯ ಪ್ರಶ್ನೆ. ಉತ್ತರಿಸಲಿ,” ಎಂದರು ನ್ಯಾಯಾಧೀಶರು.

“ಎಣಿಸಿಲ್ಲ,” ಎಂದರು ಮಾಸ್ತರು. ಕಟಕಟೆಯ ಕಟ್ಟಿಗೆ ಹಿಡಿದುಕೊಂಡರು. “ಒಂಬತ್ತು ವರ್ಷ ಆತು. ಮೂವತ್ತೋ, ನಲವತ್ತೋ. ಹೆಸರು ಓದ್ತಿದ್ದಿಲ್ಲ. ಒಂದ ನೆನಪೈತಿ. ದ್ಯಾಮಪ್ಪ. ನನ್ನ ಕಡೆ ಕಲಿತಾವ.”

ಕಾಂಚನಾ ಕಡತವನ್ನು ಮೇಜಿನ ಮೇಲಿಟ್ಟಳು. ದ್ಯಾಮಪ್ಪನ ಕೇಸು ಅವಳದಲ್ಲ, ಅದರ ಕಾಗದವನ್ನು ಅವಳು ಕಂಡವಳೂ ಅಲ್ಲ. ಜೀವಾವಧಿ ಶಿಕ್ಷೆಯಾಗಿ ಅವನು ಬೆಳಗಾವಿ ಜೈಲು ಸೇರಿ ಆರು ವರ್ಷವಾಗಿತ್ತು. ಅವನ ತಾಯಿ ಉಡಚವ್ವ ತಿಂಗಳಿಗೊಮ್ಮೆ ಬಂದು ಮಾಸ್ತರರ ಮನೆಯ ಕಟ್ಟೆಯ ಮೇಲೆ ಕೂಡುತ್ತಾಳೆ. ಆಕೆಗೆ ಅಕ್ಷರ ಬಾರದು. ಮಗನಿಗೆ ಆಕೆ ಹೇಳುವ ಪತ್ರಗಳನ್ನು ಆರು ವರ್ಷದಿಂದ ಬರೆದುಕೊಡುತ್ತಿದ್ದವರು ಮಾಸ್ತರು. ದೊಡ್ಡ ಮನಸ್ಸಿನ ಮಂದಿ ಎಂದು ಓಣಿಯೆಲ್ಲ ಹೊಗಳುತ್ತಿತ್ತು. ಕಾಂಚನಾ ಕೂಡ ಹೊಗಳಿದ್ದಳು.

ಸಾಕ್ಷಿ ಮುಗಿದ ಮೇಲೆ ಬಾಗಿಲಿನಾಚೆ ಅಪ್ಪ ಕಾಯುತ್ತಿದ್ದ. ಮುಖ ಸುಣ್ಣದ ಗೋಡೆಯಂತಾಗಿತ್ತು.

“ಮನಿಗೆ ಹೋಗೂಣು ನಡಿ.”

“ಮೊದಲ ಉಡಚವ್ವನ ಮನಿಗೆ.”

“ನೀನ ಹೇಳವ್ವಾ. ನನ್ನ ಕಡಿಂದ ಆಗಾಂಗಿಲ್ಲ.”

“ಇವತ್ತಿನ ಸಾಕ್ಷಿಯ ನಕಲಿಗೆ ಅರ್ಜಿ ಹಾಕಿ ಬರ್ತೀನಿ. ದ್ಯಾಮಪ್ಪನ ಅಪೀಲಿಗೆ ಬೇಕು. ಅದು ನನ್ನ ಕೆಲಸ. ಆಕಿಗೆ ಹೇಳೂದು ನಿಂದು.”

“ಆಕಿ ಏನಂತಾಳೋ!”

“ಅನ್ಲಿ. ನೀ ಕೇಳ್ಕೊ.”

ಅವಳು ನಕಲು ವಿಭಾಗದ ಕಡೆ ನಡೆದಳು. ಅರ್ಧ ದಾರಿಯಲ್ಲಿ ತಿರುಗಿ ನೋಡಿದಾಗ ಅಸ್ಮಾ ಮಾಸ್ತರರ ಎದುರಿಗೆ ಬಂದು ನಿಂತಿದ್ದಳು. ಆಕೆ ಬೈಯಲೂ ಇಲ್ಲ, ಅಳಲೂ ಇಲ್ಲ. “ನನ್ನ ಮಗನ ಮಾರಿ ಒಮ್ಮಿಯಾದ್ರೂ ನೋಡಿದ್ರೇನ್ರೀ, ಮಾಸ್ತರ?” ಎಂದು ಕೇಳಿದಳು.

ಮಾಸ್ತರು ಇಲ್ಲವೆಂದು ತಲೆ ಅಲ್ಲಾಡಿಸಿದರು.

“ಹಂಗಾರ ಬರ್ರಿ,” ಎಂದಳು ಅಸ್ಮಾ. “ಅವನ್ನ ಜೈಲಿನ ವ್ಯಾನ್ ಹತ್ತಿಸಾಕತ್ಯಾರ. ಬಂದು ನೋಡ್ರಿ.”