ರಾಚಯ್ಯನವರ ಕಾಲು

ಶಂಕ್ರಮ್ಮ ಗಂಡನ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಗೋಡೆಗೆ ಕೂರಿಸಿ ಅರಿವೆಯಿಂದ ಕಟ್ಟಿದ್ದ ರಾಚಯ್ಯ ಸ್ವಾಮಿಗಳ ತಲೆ ಒಂದು ಕಡೆ ವಾಲಿತ್ತು. ಬದುಕಿದ್ದಾಗ ಯಾರದಾದರೂ ಸುಳ್ಳನ್ನು ಪೂರ್ತಿ ಕೇಳಿಸಿಕೊಳ್ಳುವಾಗ ಅವರು ಹೀಗೇ ವಾಲಿಸುತ್ತಿದ್ದರು.

"ಶಹಾಬಜಾರದ ಗುರುಪಾದಯ್ಯನೋರು ಬಂದ್ರಬೇ," ಅಂದಳು ಪಕ್ಕದ ಮನೆಯ ಸೂಗಮ್ಮ. "ಅಣವೀರಪ್ಪ ಸಾವ್ಕಾರ್ರು ಕಲಬುರಗಿಗೆ ಬಂಡಿ ಕಳಸಿ ಕರಸ್ಯಾರ."

ಕಮಲಾಪುರದ ಲಿಂಗವಂತರಲ್ಲಿ ಯಾರು ಸತ್ತರೂ, ಕುಣಿಯಲ್ಲಿ ಕೂರಿಸಿ ತಲೆಯ ಮೇಲೆ ಪಾದ ಇಡುವ ಕೆಲಸ ರಾಚಯ್ಯನವರದು. ಅದಾದರೆ ಸತ್ತವರು ಶಿವನನ್ನು ಸೇರಿದರು ಅಂತ ನಂಬಿಕೆ. ಅವರು ಮಾತ್ರ ನಗುತ್ತಿದ್ದರು: "ಸತ್ತವರ ತಲಿ ಮ್ಯಾಲ ಕಾಲಿಡೋದೇನು ದೊಡ್ಡ ಕೆಲಸ. ಬದುಕಿದ್ದವರ ತಲಿ ಮ್ಯಾಲ ಇಡೋದು ಕಷ್ಟ. ಅದಕ್ಕ ಜಾಗೀರದಾರ ಅದಾನ."

ಇವತ್ತು ಅವರ ತಲೆಗೇ ಒಂದು ಪಾದ ಬೇಕಾಗಿತ್ತು.

ರಾಚಯ್ಯನವರನ್ನು ಕುಣಿಯಲ್ಲಿ ಇಳಿಸಿ ಕೂರಿಸಿಯಾಗಿತ್ತು. ಪಕ್ಕದಲ್ಲಿ ಗುರುಪಾದಯ್ಯ ಮಣೆಯ ಮೇಲೆ ಕುಳಿತಿದ್ದರು. ಅಣವೀರಪ್ಪ ತಂಬಿಗೆಯಿಂದ ನೀರು ಹಾಕಿ ಅವರ ಪಾದ ತೊಳೆಯುತ್ತಿದ್ದ. ತೊಳೆದ ಪಾದ ನೆಲ ಮುಟ್ಟಬಾರದೆಂದು ಅಯ್ಯನವರು ಹಿತ್ತಾಳೆ ತಟ್ಟೆಯಲ್ಲೇ ಇಟ್ಟುಕೊಂಡಿದ್ದರು.

"ಒಂದು ಮಾತದ, ಅಮ್ಮಾರ," ಅಂದರು. "ಪ್ಲೇಗಿನ ವರ್ಷ ನಿಮ್ಮೋರು ಊರ ಹೊರಗಿನ ಕೇರಿಗೆ ಹೋಗಿ ಈ ದತ್ತಪ್ಪನ ಹೆಂಡ್ತಿ ತಲಿ ಮ್ಯಾಲ ಕಾಲಿಟ್ಟಾರ. 'ನನ್ನ ಗಂಡ ತಪ್ಪು ಮಾಡ್ಯಾರ' ಅಂತ ಮಂದಿ ಮುಂದ ಹೇಳಿಬಿಡ್ರಿ. ಆಮ್ಯಾಲ ನಾ ಪಾದ ಇಡ್ತೀನಿ."

ಕುಣಿ ತೋಡಿ ನಿಂತಿದ್ದ ದತ್ತಪ್ಪ ಸಲಿಕೆ ಹಿಡಿದುಕೊಂಡೇ ಹಿಂದೆ ಸರಿದ.

"ಹೇಳಲಿಲ್ಲಂದ್ರ?" ಅಂದಳು ಶಂಕ್ರಮ್ಮ.

"ಪಾದ ಇಲ್ಲದೇ ಮುಚ್ಚಬೇಕಾಗ್ತದ."

ಅಣವೀರಪ್ಪ ದನಿ ತಗ್ಗಿಸಿದ. "ಅಂದುಬಿಡ್ರಿ ಅಮ್ಮಾರ. ಸ್ವಾಮ್ಯಾರು ಈಗ ಎಲ್ಲಿ ಕೇಳಸ್ಕೋತಾರ."

ಶಂಕ್ರಮ್ಮ ಅವನ ಕಡೆ ತಿರುಗಿದಳು.

*

ಆ ವರ್ಷ ಅರ್ಧ ಊರು ಹೊಲದ ಗುಡಿಸಲುಗಳಿಗೆ ಓಡಿತ್ತು. ದತ್ತಪ್ಪ ಸತ್ತ ಹೆಂಡತಿಯ ಹಣೆಗೆ ಒಂದು ಚಿಟಿಕೆ ವಿಭೂತಿ ಕೇಳಲು ಬಂದು ಅಂಗಳದಾಚೆ ನಿಂತಿದ್ದ. ರಾಚಯ್ಯನವರು ವಿಭೂತಿ ತೆಗೆದುಕೊಂಡು ಅವನ ಜೊತೆಗೇ ನಡೆದರು. ಎಲ್ಲ ಮುಗಿಸಿ ಹೊರಬಂದರೆ ಕೇರಿಯ ಅಂಚಿನಲ್ಲಿ ಅಣವೀರಪ್ಪ ಮೂಗಿಗೆ ರುಮಾಲಿನ ಚುಂಗು ಹಿಡಿದು ನಿಂತಿದ್ದ. ಅವನ ತಾಯಿ ತೀರಿಕೊಂಡಿದ್ದಳು. ಪ್ಲೇಗಿನ ಊರಿಗೆ ಕಲಬುರಗಿಯ ಒಬ್ಬ ಅಯ್ಯನೂ ಬಂದಿರಲಿಲ್ಲ.

"ಲಗೂ ಬರ್ರಿ ಸ್ವಾಮ್ಯಾರ."

"ಎಲ್ಲಿಂದ ಬರಾಕತ್ತೀನಿ, ನೋಡಿದ್ಯಲ್ಲ?"

"ನೋಡಿದ್ನಿ ರೀ."

"ಜಳಕ ಮಾಡಿ ಬರ್ಲೇನು?"

"ಬ್ಯಾಡ್ರಿ, ಹೊತ್ತು ಮುಳುಗ್ತದ. ಹಂಗೇ ಬರ್ರಿ."

ಮನೆಗೆ ಬಂದು ಅವರು ಇದನ್ನು ಹೇಳಿ ನಕ್ಕರು. "ಈ ಮಡಿ ಅನ್ನೋದು ಭಾಳ ಶಾಣ್ಯಾ ಅದ, ಶಂಕ್ರಿ. ಪ್ಲೇಗ್ ಬಂದ್ರ ಮದಲ ಅದೇ ಊರು ಬಿಡ್ತದ."

*

"ಅಣವೀರಪ್ಪಾ," ಅಂದಳು ಶಂಕ್ರಮ್ಮ. ಸಾವ್ಕಾರನನ್ನು ಅವಳು ಬರೀ ಹೆಸರು ಹಿಡಿದು ಕರೆದದ್ದು ಯಾರೂ ಕೇಳಿರಲಿಲ್ಲ. "ಅದೇ ಸಂಜಿ, ಅದೇ ಕಾಲು ನಿಮ್ಮವ್ವನ ತಲಿ ಮ್ಯಾಲ ಇಟ್ಟಾರ. ಜಳಕ ಬ್ಯಾಡ ಅಂದವ ನೀನೇ. ಮದಲ ಆಕಿನ್ನ ಅಗದು ತಗಿ. ಈ ಅಯ್ಯನೋರು ತೊಳದು ಕೊಡ್ತಾರ. ಆಮ್ಯಾಲ ನಾ ತಪ್ಪು ಅಂತೀನಿ."

ಅಣವೀರಪ್ಪನ ಕೈಯ ತಂಬಿಗೆ ಅಲ್ಲೇ ನಿಂತಿತು.

"ಹೆಣ್ಮಕ್ಕಳು ಕುಣಿ ಮುಂದ ಹಿಂಗ ಮಾತಾಡಬಾರ್ದು," ಅಂದರು ಗುರುಪಾದಯ್ಯ.

"ಗಂಡಸರು ಮಾತಾಡ್ಲಿ ಮತ್ತ. ಯಾರರ ಒಬ್ಬರು."

ಅವಳು ಕುಣಿಗಿಳಿದು, ಗಂಡನ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಚಿ, ಮೇಲೆ ಬಂದಳು.

"ದತ್ತಪ್ಪಾ, ಮಣ್ಣು ಹಾಕು."

"ಪಾದ ಆಗಿಲ್ರಿ, ಅಮ್ಮಾರ."

"ತಪ್ಪು ಅನಿಸಿ ಇಡೋ ಪಾದ ಅವರಿಗೆ ಬ್ಯಾಡ. ಹಾಕು."

ಮೊದಲು ಸೂಗಮ್ಮ ಹೋಗಿ ಒಂದು ಹಿಡಿ ವಿಭೂತಿ ಬಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕುಣಿಯ ಕಡೆ ನಡೆದರು. ಕೊನೆಗೆ ಅಣವೀರಪ್ಪನೂ ತಂಬಿಗೆ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಎದ್ದು ಅತ್ತಲೇ ಹೋದ.

ಮಣೆಯ ಮೇಲೆ ಗುರುಪಾದಯ್ಯ ಒಬ್ಬರೇ ಉಳಿದರು. ಅವರ ಮರದ ಹಾವುಗೆಗಳು ದೂರ ಬಂಡಿಯಲ್ಲಿದ್ದವು, ತಂದುಕೊಡುವವರಿರಲಿಲ್ಲ. ಎರಡೂ ಕೈಯಿಂದ ಕಾವಿಯ ಅಂಚು ಎತ್ತಿ ಹಿಡಿದು ಹಾಗೇ ಕುಳಿತಿದ್ದರು. ತಟ್ಟೆಯ ನೀರಿನಲ್ಲಿ ಒಂದು ಬಿಲ್ವದೆಲೆ ಅವರ ಹೆಬ್ಬೆರಳಿಗೆ ತಾಕಿ, ಹಿಂದೆ ಸರಿದು, ಮತ್ತೆ ತಾಕುತ್ತಿತ್ತು.