ಎರಡು ಸೀಟಿ

ನದಿ ದಂಡೆಯ ಪಾರ್ಕಿನ ದಾರಿ ಗಾಲಿಕುರ್ಚಿಗೆಂದೇ ಹೇಳಿ ಮಾಡಿಸಿದಂತಿತ್ತು. ಗೋಪುರದ ಎದುರು ಮಾತ್ರ ಅದು ನೀರಿನ ಮೆಟ್ಟಿಲ ಕಡೆಗೆ ಇಳಿಜಾರು. ಅಲ್ಲಿ ಮಗಳು ಅಪ್ಪನ ಕುರ್ಚಿಗೆ ಬ್ರೇಕ್ ಹಾಕಿ, ಫೋಟೋ ತೆಗೆಯಲು ಹಿಂದೆ ಸರಿದಳು. ಅಷ್ಟರಲ್ಲಿ ಗೋಪುರ ಹತ್ತುತ್ತಿದ್ದವರನ್ನು ಗದರಿಸಲು ಕಾವಲುಗಾರ ಎರಡು ಸಲ ಸೀಟಿ ಊದಿದ.

ಅಪ್ಪ ಬಸ್ ಓಡಿಸಿದವರು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ: ಕಂಡಕ್ಟರ್ ಎರಡು ಸೀಟಿ ಊದಿದರೆ ಹೊರಡಬೇಕು, ಒಂದಕ್ಕೆ ನಿಲ್ಲಬೇಕು. ಅವರು ಬ್ರೇಕ್ ಬಿಟ್ಟರು.

"ಅಯ್ಯೋ, ಬ್ರೇಕ್ ಹಾಕಪ್ಪಾ!"

ಪ್ರಯಾಣಿಕರು ಕಿರುಚಿದರೆಂದು ಅವರು ಎಂದೂ ಬಸ್ ನಿಲ್ಲಿಸಿದವರಲ್ಲ. ಕುರ್ಚಿ ಉರುಳುತ್ತಲೇ ಇತ್ತು. ಓಡಿದರೂ ಕೈಗೆಟುಕದು. ಮಗಳು ಬೆರಳು ಬಾಯಿಗಿಟ್ಟು ಒಂದೇ ಒಂದು ಸಿಳ್ಳೆ ಹೊಡೆದಳು.

ಮೆಟ್ಟಿಲು ಗೇಣು ದೂರವಿರುವಾಗ ಕುರ್ಚಿ ಗಕ್ಕನೆ ನಿಂತಿತು.

"ಬೇಗ ಬೇಗ ಇಳೀರಿ, ಲೇಟಾಗಿದೆ," ಎಂದರು ಅಪ್ಪ, ಬ್ರೇಕಿನಿಂದ ಕೈ ತೆಗೆಯದೆ.

ಅವಳಿನ್ನೂ ಓಡುತ್ತಿದ್ದಳು. ಗೋಪುರದ ಬಳಿ ಕಾವಲುಗಾರ ಮತ್ತೆ ಸೀಟಿಯನ್ನು ತುಟಿಗಿಟ್ಟ.